ಮಗಳ ಮದುವೆಯಾದ ಮೇಲೆ ಬಸುರಿಯಾದ ಸಣ್ಣಿ

ಪಾಲಿಬೆಟ್ಟದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಕೂಲಿಯವರ ಲೈನುಮನೆಯಲ್ಲಿದ್ದ ಸಣ್ಣಿ, ಹೆಂಗಸರೆಲ್ಲ ಸೇರುವ ನಲ್ಲಿಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಳು. ನೀರು ತರುವುದು ಈಗ ಗಂಡ ಬೆಳ್ಳಿಯಪ್ಪನ ಕೆಲಸವಾಗಿತ್ತು.

ಸಣ್ಣಿಗೆ ನಲವತ್ತೆರಡು ವಯಸ್ಸು. ಮಗಳು ಶ್ವೇತಳ ಮದುವೆಯಾಗಿ ವರ್ಷ ಕಳೆದಿತ್ತು. ಮುಟ್ಟು ನಿಂತಾಗ, ಇನ್ನು ಆ ಕಾಟ ಮುಗಿಯಿತು ಎಂದುಕೊಂಡಿದ್ದಳು. ನೋಡಿದರೆ ಬಸುರಿಯಾಗಿದ್ದಳು.

ಆಶಾ ಕಾರ್ಯಕರ್ತೆ ಪ್ರಿಯಾ ಮನೆಗೆ ಬಂದಾಗ ಸಣ್ಣಿ ತಲೆ ಎತ್ತಲಿಲ್ಲ.

"ಅಳಿಯ ಬಂದ ಮನೇಲಿ ಇದೆಂತ ಕಥೆ ಪ್ರಿಯಾ? ಆಸ್ಪತ್ರೆ ಕ್ಯೂನಲ್ಲಿ ಮಗಳ ವಯಸ್ಸಿನವರ ಜೊತೆ ನಾನು ಹೇಗೆ ನಿಲ್ಲೋದು?"

"ನಾನೂ ಪಕ್ಕದಲ್ಲಿ ನಿಲ್ತೇನೆ ಅಕ್ಕ. ಮೂವತ್ತೈದು ದಾಟಿದ ಮೇಲೆ ಬಸುರಿಯಾದ್ರೆ ಬಿಪಿ, ಶುಗರ್ ಬರೋದು ಜಾಸ್ತಿ. ಮಗುವಿಗೂ ತೊಂದ್ರೆ ಆಗಬಹುದು. ಸುರುವಿಗೇ ತೋರಿಸಿದ್ರೆ ಡಾಕ್ಟರಿಗೆ ನೋಡ್ಕೊಳ್ಳೋಕೆ ಆಗ್ತದೆ. ಮುಚ್ಚಿಟ್ರೆ ಯಾರು ಏನು ಮಾಡೋದು?"

ಪಕ್ಕದ ಮನೆಯ ಚಿನ್ನಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. "ನಾನು ನಾಲ್ಕು ಹೆತ್ತಿದ್ದು ಈ ಲೈನಲ್ಲೇ. ಯಾವ ಡಾಕ್ಟರು ಬಂದಿದ್ದ? ಇವಳಿಗೆ ಇದು ಮೊದಲ್ನೇದೂ ಅಲ್ಲ."

"ನಿಮಗೆ ಆಗ ಎಷ್ಟು ವಯಸ್ಸು ಚಿನ್ನಿಯಕ್ಕ?"

ಚಿನ್ನಿ ಯೋಚಿಸಿದಳು. "ಇಪ್ಪತ್ತೋ ಏನೋ."

"ಅದೇ ನೋಡಿ," ಎಂದಳು ಪ್ರಿಯಾ.

ಸಣ್ಣಿ ಮರುದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ನಲ್ಲಿಯ ಮುಂದಿನ ದಾರಿಯಲ್ಲೇ ಪ್ರಿಯಾಳ ಜೊತೆ ಹೊರಟಳು. ಅಲ್ಲಿದ್ದವಳೊಬ್ಬಳು ನಕ್ಕು, "ಎಲ್ಲಿಗೆ, ಆಸ್ಪತ್ರೆಗಾ? ಮಗಳ ಬಸಿರು ತೋರಿಸ್ಲಿಕ್ಕಾ?" ಎಂದು ಕೇಳಿದಳು.

"ಅಲ್ಲ, ನನ್ನದೇ. ಹೊಟ್ಟೇಲಿರೋದು ನನ್ನ ಮಗು," ಎಂದ ಸಣ್ಣಿ ನಿಲ್ಲದೆ ನಡೆದಳು. ಕೇಳಿದವಳೇ ತನ್ನ ಕೊಡವನ್ನು ಪಕ್ಕಕ್ಕೆ ಎಳೆದುಕೊಂಡು ದಾರಿ ಬಿಟ್ಟಳು.

ಅಂದಿನಿಂದ ಅವಳು ಒಂದು ತಪಾಸಣೆಯನ್ನೂ ತಪ್ಪಿಸಲಿಲ್ಲ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ಆಯಿತು. ಕಬ್ಬಿಣದ ಮಾತ್ರೆಗೆ ವಾಕರಿಕೆ ಬರುತ್ತಿತ್ತು, ಆದರೂ ನುಂಗಿದಳು. ಬಿಪಿ ಏರಿದಾಗ ಡಾಕ್ಟರು ಔಷಧಿ ಕೊಟ್ಟು, ಭಾರ ಎತ್ತಬಾರದು ಎಂದರು. ಬೆಳ್ಳಿಯಪ್ಪ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹತ್ತಿರ ಮಾತಾಡಿ ಅವಳನ್ನು ಕಾಫಿ ಹಣ್ಣು ಕೀಳುವ ಪಿಕ್ಕಿಂಗ್‌ನಿಂದ ಬಿಡಿಸಿದ.

ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಸಣ್ಣಿಗೆ ತಲೆ ಸಿಡಿಯತೊಡಗಿತು. ಮುಖ ಊದಿಕೊಂಡು ಕಣ್ಣು ಮಂಜಾಯಿತು. ಬೆಳ್ಳಿಯಪ್ಪ ತೋಟದಲ್ಲಿದ್ದ.

"ಬಿಸಿಲಿಗೆ ಹಾಗಾಗ್ತದೆ, ಸ್ವಲ್ಪ ಮಲಗು," ಎಂದಳು ಚಿನ್ನಿ.

"ಇಲ್ಲ ಅಕ್ಕ. ಹೀಗಾದ್ರೆ ಕಾಯಬೇಡಿ ಅಂತ ಡಾಕ್ಟರು ಹೇಳಿದ್ದಾರೆ."

ಗೋಡೆ ಹಿಡಿದುಕೊಂಡೇ ಅವಳು ೧೦೮ಕ್ಕೆ ಫೋನ್ ಮಾಡಿ, ಎಸ್ಟೇಟಿನ ದಾರಿ ಹೇಳಿದಳು. ಆಂಬುಲೆನ್ಸ್ ಬಂದಾಗ ಚಿನ್ನಿಯೂ ಹತ್ತಿದಳು.

ಮಡಿಕೇರಿಯ ಆಸ್ಪತ್ರೆಯಲ್ಲಿ ಅಂದೇ ಆಪರೇಷನ್ ಆಯಿತು. ಹೆಣ್ಣು ಮಗು ಹುಟ್ಟಿತು. ತೂಕ ಕಡಿಮೆ ಇದ್ದುದರಿಂದ ಕೆಲವು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಬೇಕಾಯಿತು. ಇನ್ನೂ ತಡ ಮಾಡಿದ್ದರೆ ಇಬ್ಬರಿಗೂ ಅಪಾಯವಿತ್ತು ಎಂದರು ಡಾಕ್ಟರು.

ಚಿನ್ನಿ ಬೆಂಚಿನ ಮೇಲೆ ಕುಳಿತುಬಿಟ್ಟಳು. "ನಾನು ಮಲಗು ಅಂದಿದ್ದೆ," ಎಂದಳು, ಸುದ್ದಿ ತಿಳಿದು ತೋಟದಿಂದ ಬಂದಿದ್ದ ಬೆಳ್ಳಿಯಪ್ಪನಿಗೆ. "ಅವಳು ಕೇಳಲಿಲ್ಲ, ಒಳ್ಳೇದಾಯ್ತು. ನನ್ನ ಬಸುರಿ ಸೊಸೆಯನ್ನ ನಾಳೆಯೇ ಪ್ರಿಯಾ ಹತ್ತಿರ ಕಳಿಸ್ತೇನೆ."

ಮಗುವನ್ನು ಪೆಟ್ಟಿಗೆಯಿಂದ ಹೊರಗೆ ತಂದ ದಿನ ಶ್ವೇತ ಗಂಡನ ಜೊತೆ ಬಂದು ತಂಗಿಯನ್ನು ಎತ್ತಿಕೊಂಡಳು. "ಅಮ್ಮ, ನಿನ್ನಷ್ಟು ಧೈರ್ಯ ನನಗೆ ಇರ್ತಿತ್ತೋ ಇಲ್ವೋ," ಎಂದಳು. ಸಣ್ಣಿ ಅಳಿಯನ ಮುಂದೆಯೇ ತಲೆ ಎತ್ತಿ ನಕ್ಕಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನೆರೆಯಲ್ಲೂ ಮೂವತ್ತೈದು ದಾಟಿದ ಬಸುರಿ ಹೆಂಗಸು ಇರಬಹುದು. ಅವಳು ನಾಚಿ ಒಳಗೆ ಕೂರುವಂತೆ ಮಾಡಬೇಡಿ. ತಿಳಿದ ಕೂಡಲೇ ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಎಲ್ಲ ತಪಾಸಣೆ ಮಾಡಿಸಿ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಜೋರು ತಲೆನೋವು, ಮುಖದ ಊತ, ಕಣ್ಣು ಮಂಜಾಗುವುದು, ರಕ್ತ ಹೋಗುವುದು ಇವುಗಳಲ್ಲಿ ಒಂದು ಕಂಡರೂ ಕಾಯದೆ ೧೦೮ಕ್ಕೆ ಕರೆ ಮಾಡಿ. ಇವತ್ತೇ ಅವಳ ಮನೆಗೆ ಹೋಗಿ, ಅವಳ ಜೊತೆ ಆಸ್ಪತ್ರೆಗೆ ನಡೆಯಿರಿ.