ಭಾನುವಾರ ನಿಂತ ಚಕ್ರ

ನನ್ನ ಅಣ್ಣ ಇಥೆಲ್ ಜೆಂಕಿನ್‌ಗೆ ತಲೆಯಿತ್ತು, ತೋಳಿತ್ತು; ಜುಟ್ಟು ಮಾತ್ರ ಪಾದ್ರಿಯ ಕೈಯಲ್ಲಿತ್ತು. ಹೀಗೆಂದರೆ ನಮ್ಮ ರೆಡಿನ್ ಕಣಿವೆಯವರು ನನ್ನನ್ನು ಬಾಯಿಬಡುಕಿ ಎನ್ನುತ್ತಾರೆ. ಎನ್ನಲಿ. ವೇಲ್ಸಿನ ಈ ಮೂಲೆಯಲ್ಲಿ ಕುರಿ, ಕಲ್ಲು, ಕೆಸರು ಬಿಟ್ಟು ಇನ್ನೇನೂ ಇಲ್ಲದ ಕಾಲದಲ್ಲಿ ಕಬ್ಬಿಣದ ಮೊದಲ ಕುಲುಮೆ ಕಟ್ಟಿದವನು ಅವನು. ಮೂವತ್ತಡಿ ಎತ್ತರದ ಕಲ್ಲಿನ ಕುಲುಮೆ. ಪಕ್ಕದಲ್ಲಿ ಹಳ್ಳದ ನೀರಿಗೆ ತಿರುಗುವ ಚಕ್ರ, ಆ ಚಕ್ರ ಒತ್ತಿದಾಗ ಬೆಂಕಿಗೆ ಗಾಳಿ ಊದುವ ಎರಡು ದೊಡ್ಡ ತಿದಿಗಳು. ಒಮ್ಮೆ ಹೊತ್ತಿಸಿದರೆ ತಿಂಗಳುಗಟ್ಟಲೆ ಬೆಂಕಿ ಆರುವಂತಿಲ್ಲ. ಹೆಂಡತಿ ಆಂಗರಾಡ್ ಸತ್ತ ದಿನವೂ ಅಣ್ಣ ಅವಳ ಗೋರಿಗೆ ಮಣ್ಣು ಹಾಕಿ ನೇರ ಕುಲುಮೆಗೇ ಹೋಗಿದ್ದ.

ಅವಳು ಹೋದ ಮರುವರ್ಷದ ಜನವರಿಯಲ್ಲಿ ಪಾದ್ರಿ ಪ್ರೋಸರ್ ಮನೆಗೆ ಬಂದರು. ನಾನು ಕೊಟ್ಟ ಕುರಿಮಾಂಸದ ಸಾರನ್ನು ಎರಡು ಬಟ್ಟಲು ಇಳಿಸಿದ ಮೇಲೆ ಮಾತು ತೆಗೆದರು.

"ಇಥೆಲ್, ಭಾನುವಾರ, ದುಡಿಯಬಾರದ ಸಬ್ಬತ್ ದಿನ, ನಿನ್ನ ತಿದಿ ಸದ್ದು ನನ್ನ ಪ್ರಸಂಗಕ್ಕಿಂತ ಜೋರಾಗಿ ಕೇಳ್ತದಪ್ಪ."

"ಕುಲುಮೆಗೆ ವಾರ ಗೊತ್ತಾಗಲ್ಲ ಅಯ್ಯನವರೇ."

"ನಿನಗೆ ಗೊತ್ತಾಗ್ತದಲ್ಲ? ನಿಲ್ಲಿಸು. ಇಲ್ಲಾಂದ್ರೆ ನೀನು ಪ್ರಾರ್ಥನಾ ಸಭೆಯಿಂದ ಹೊರಗೆ. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ. ಸತ್ತ ಮೇಲೆ ಆಂಗರಾಡ್ ಪಕ್ಕ ಜಾಗಾನೂ ಇಲ್ಲ."

ಅಣ್ಣನ ಮುಖ ಬಿಳಿಚಿಕೊಂಡಿತು. ಒಲೆಯ ಹತ್ತಿರ ಅವನ ಪಾಲುದಾರ ವಾಟ್ಕಿನ್ ಬೆವನ್ ಕೂತಿದ್ದ. ಲಂಡನ್ನಿಗೆ ದನ ಹೊಡೆದುಕೊಂಡು ಹೋಗಿ ಮಾರಿ ಕಾಸು ಮಾಡಿಕೊಂಡವನು. "ಆತ್ಮ ಮೊದಲು ಇಥೆಲ್, ಕಬ್ಬಿಣ ಆಮೇಲೆ" ಎಂದ. ಅಂಥವನ ಬಾಯಲ್ಲಿ ಆತ್ಮದ ಮಾತು ಬಂದಾಗಲೇ ನನಗೆ ಮೈ ಉರಿಯಿತು.

ಅವರು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. "ಅಣ್ಣಾ, ಆ ಮುದುಕನ ಮಾತು ಕಟ್ಕೊಂಡು ಹನ್ನೊಂದು ವರ್ಷದ ಬೆಂಕಿಗೆ ನೀರು ಹಾಕ್ತೀಯಾ?"

"ಕಬ್ಬಿಣ ಇನ್ನೊಂದು ಸಲ ಕಾಯಿಸಬಹುದು ಗ್ವೆನ್. ಅವಳ ಪಕ್ಕದ ಜಾಗ ಒಂದೇ ಇರೋದು."

ನಾನು ಎದ್ದು ಸಾರಿನ ಬಟ್ಟಲು ತೊಳೆಯಲು ಹೋದೆ.

ಶನಿವಾರ ಸಂಜೆ ಅವನು ಕುಲುಮೆಗೆ ದುಪ್ಪಟ್ಟು ಇದ್ದಿಲು ತುಂಬಿಸಿದ. ಗಾಳಿಕಂಡಿಗಳಿಗೆ ಜೇಡಿಮಣ್ಣು ಮೆತ್ತಿದ. ತೂಬು ಮುಚ್ಚಿ ಚಕ್ರ ನಿಲ್ಲಿಸಿದ. ಒಂದು ದಿನದ ಮಟ್ಟಿಗೆ ಒಳಗಿನ ಕಾವು ಉಳಿಯುತ್ತದೆಂದು ಲೆಕ್ಕ ಹಾಕಿದ್ದ, ಆ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಚಕ್ರದ ಲೆಕ್ಕ. ಹನ್ನೊಂದು ಚಳಿಗಾಲ ಅದು ಹೆಪ್ಪುಗಟ್ಟಿರಲಿಲ್ಲ, ಏಕೆಂದರೆ ಚಳಿಯಲ್ಲಿ ಒಂದು ದಿನವೂ ನಿಂತಿರಲಿಲ್ಲ. ಭಾನುವಾರ ಅಣ್ಣ ಪ್ರಾರ್ಥನಾ ಮಂದಿರದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಾಗ ಚಕ್ರ ಅಚ್ಚಿನವರೆಗೆ ಮಂಜುಗಡ್ಡೆಯಲ್ಲಿ ಹೂತುಹೋಗಿತ್ತು. ಸೋಮವಾರ ಬೆಳಗಿನಿಂದ ಕೊಡಲಿ ಹಿಡಿದು ಕಡಿದರು. ಅದು ಬಿಟ್ಟುಕೊಂಡದ್ದು ಮಂಗಳವಾರ ಮಧ್ಯಾಹ್ನ. ಅಷ್ಟರಲ್ಲಿ ಒಳಗಿನ ಕಬ್ಬಿಣ, ಕಿಟ್ಟ, ಇದ್ದಿಲು ಎಲ್ಲ ತಳ ಹಿಡಿದ ಗಂಜಿಯಂತೆ ಒಂದೇ ಗಟ್ಟಿಯಾಗಿತ್ತು. ಅದನ್ನು ತೆಗೆಯಲು ಕುಲುಮೆಯನ್ನೇ ಒಡೆಯಬೇಕಾಯಿತು.

ಮತ್ತೆ ಕಟ್ಟುವ ಶಕ್ತಿ ಇದ್ದದ್ದು ಬೆವನ್‌ಗೆ ಮಾತ್ರ. ಇಡೀ ಜಾಗವನ್ನು ತನ್ನ ಹೆಸರಿಗೆ ಬರೆಸಿಕೊಂಡು ಕಟ್ಟಿಸಿದ. ಅವನ ಕುಲುಮೆ ಭಾನುವಾರವೂ ನಿಲ್ಲಲಿಲ್ಲ. ಪಾದ್ರಿ ಏನಂದರು ಎನ್ನುತ್ತೀರಾ? ಪ್ರಾರ್ಥನಾ ಮಂದಿರದ ಅಟ್ಟಕ್ಕೆ ಬೆವನ್ ಹನ್ನೆರಡು ಕಬ್ಬಿಣದ ಕಂಬ ಕೊಟ್ಟ. ಸಬ್ಬತ್ ದಿನ ಬಾವಿಗೆ ಬಿದ್ದ ಎತ್ತನ್ನು ಮೇಲೆತ್ತಬಹುದೆಂಬ ಮಾತು ಪಾದ್ರಿಗೆ ಬೈಬಲಿನಲ್ಲಿ ಥಟ್ಟನೆ ಸಿಕ್ಕಿತು. ಬೆವನ್ನನ ಎತ್ತು ವಾರವಾರವೂ ಬಿದ್ದಿತು. ಅವನು ಮಾತ್ರ ಕೈಗೆ ಮಸಿ ಹತ್ತಿಸಿಕೊಳ್ಳದೆ ಹಿರಿಯರ ಬೆಂಚಿನಲ್ಲಿ ಕೂತಿರುತ್ತಿದ್ದ. ಬೆಂಕಿಯ ಮುಂದೆ ಇರುತ್ತಿದ್ದವರು ಹೊರಗಿನಿಂದ ಬಂದ, ನಮ್ಮ ಸಭೆಗೆ ಸೇರದ ಜನ.

ಅಣ್ಣ ಅಲ್ಲೇ ಕೂಲಿಗೆ ಸೇರಿದ. ಬಣ್ಣ ನೋಡಿ ಕಬ್ಬಿಣದ ಹದ ಹೇಳುವವನು ಕಣಿವೆಯಲ್ಲಿ ಇನ್ನೊಬ್ಬನಿರಲಿಲ್ಲ. ಒಂದು ವರ್ಷ ಕಾಲು ಹಿಡಿದು ಭಾನುವಾರ ಬಿಡುವು ಕೇಳಿಕೊಂಡ. ಆಮೇಲೆ ಬೆವನ್, "ಭಾನುವಾರ ಬರೋದಾದ್ರೆ ಬಾ, ಇಲ್ಲಾಂದ್ರೆ ಸೋಮವಾರಾನೂ ಬೇಡ" ಎಂದ. ಮನೆಯಲ್ಲಿ ಓಟ್ಸ್ ಹಿಟ್ಟು ಮುಗಿದಿತ್ತು. ಅಣ್ಣ ಹೋದ.

ಐದನೆಯ ಭಾನುವಾರ ಪಾದ್ರಿ ಪೀಠದಿಂದ ಅವನ ಹೆಸರು ಓದಿದರು. ಸಬ್ಬತ್ ಮುರಿದವನನ್ನು ಸಭೆಯಿಂದ ತೆಗೆಯಲು ಒಪ್ಪುವವರು ಕೈ ಎತ್ತಿ ಎಂದರು. ಆರಾಧನೆ ಮುಗಿದದ್ದೇ ನಾನು ಆರಾಧನೆಗೆ ಉಟ್ಟ ಕರಿ ಬಟ್ಟೆಯಲ್ಲೇ ಗುಡ್ಡ ಹತ್ತಿ ಕುಲುಮೆಗೆ ಹೋದೆ. ಅಣ್ಣ ನನ್ನ ಮುಖ ನೋಡಿಯೇ ತಿಳಿದುಕೊಂಡ.

"ಎಷ್ಟು ಜನ ಕೈ ಎತ್ತಿದ್ರು?"

"ಎಲ್ಲರೂ."

"ಬೆವನ್?"

"ಅವನದೇ ಮೊದಲು."

ಅವನು ಬಗ್ಗಿ ಕಬ್ಬಿಣದ ಬಣ್ಣ ನೋಡಿದ. "ನೀನು?"

"ನಾನು ಎತ್ತಲಿಲ್ಲ ಅಣ್ಣ."

"ಸಾಕು ಬಿಡು. ನೀನೊಬ್ಬಳು ಇದ್ದೀಯಲ್ಲ" ಎಂದು ಕರಗಿದ ಕಬ್ಬಿಣ ಹೊರಗೆ ಬಿಡಲು ಹೋದ.

ಸುತ್ತಲೂ ಕೈಗಳು ಎದ್ದಾಗ ಪಾದ್ರಿ ನನ್ನನ್ನೇ ನೋಡುತ್ತಿದ್ದರು. ಆಂಗರಾಡ್ ಗೋರಿಯ ಸಾಲಿನಲ್ಲೇ ನನ್ನ ಮಗಳೂ ಮಲಗಿದ್ದಾಳೆ; ಮಗಳ ಪಕ್ಕದ ಜಾಗವೂ ಒಂದೇ ಇರೋದು. ನಾನೂ ಕೈ ಎತ್ತಿದ್ದೆ.