ಕಾಶಪ್ಪನ ಪಾಲಿನ ಲೇಥು

ನನ್ನ ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿದ ದಿನ ನಮ್ಮವರು ಎಷ್ಟು ಖುಷಿಯಲ್ಲಿದ್ದರೆಂದರೆ, ನಾನೇ ಕೆಳಗೆ ನಿಂತು ಮರದ ತುಂಡುಗಳನ್ನು ಎತ್ತಿಕೊಟ್ಟೆ. ಇಳಕಲ್ಲಿನ ನಮ್ಮ ಪಡಸಾಲೆಯಲ್ಲಿ ಮೊದಲು ನನ್ನ ಅತ್ತೆ, ಆಮೇಲೆ ನಾನು ಕಾಲಿಳಿಬಿಟ್ಟು ಸೀರೆ ನೇಯ್ದ ಮಗ್ಗದ ಕುಣಿಯಿತ್ತು. ಅದಕ್ಕೆ ಕಲ್ಲು, ಸಿಮೆಂಟು ತುಂಬಿ, ಮೇಲೆ ಕಬ್ಬಿಣ ಕಡೆಯುವ ಹಳೆಯದೊಂದು ಲೇಥ್ ಮಷಿನ್ನು ಕೂಡ್ರಿಸಿದರು. ಎಂಬತ್ತೆರಡನೇ ಇಸವಿ. ಹುನಗುಂದದ ಹೊಳಬಸಪ್ಪನ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿ ದುಡಿದು, ಅವನ ಬೈಗುಳ ತಿಂದು ಅವರಿಗೆ ಸಾಕಾಗಿತ್ತು. ಊರಿಗೆ ಪವರ್‌ಲೂಮ್‌ಗಳು ಬರತೊಡಗಿದ್ದವು. ಅವುಗಳ ಶಾಫ್ಟು, ಬುಶ್ಶು ಮನೆಯಲ್ಲೇ ಮಾಡಿಕೊಟ್ಟರೆ ಇನ್ನೊಬ್ಬರ ಕೈಕೆಳಗೆ ದುಡಿಯುವುದು ತಪ್ಪುತ್ತದೆ ಎಂಬ ಒಂದೇ ಆಸೆ. "ನೀ ಇನ್ನ ಮಗ್ಗದಾಗ ಕೂಡೂದು ಬ್ಯಾಡ" ಎಂದರು ನನಗೆ. ನಾನೂ ನಂಬಿದೆ.

ಲೇಥು ಬಾಗಲಕೋಟೆಯ ಕಾಶಪ್ಪನಿಂದ ಕೊಂಡದ್ದು. ಅವನೂ ತಮ್ಮ ಹುಲ್ಲಪ್ಪನೂ ಕೂಡಿ ನಡೆಸುತ್ತಿದ್ದ ವರ್ಕ್‌ಶಾಪು ಪಾಲಾದಾಗ, ಹಂಚಲು ಕೂತ ಹಿರಿಯರಿಗೆ ಒಂದು ಘನವಾದ ಯೋಚನೆ ಹೊಳೆಯಿತು. ಲೇಥು ಅಣ್ಣನಿಗೆ, ಅದರ ಚಕ್ಕು ಮತ್ತು ಗೇರಿನ ಗಾಲಿಗಳು ತಮ್ಮನಿಗೆ. ಚಕ್ಕೆಂದರೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ಲೇಥಿನ ಬಾಯಿ. ಗೇರಿಲ್ಲದಿದ್ದರೆ ಒಂದು ಬೋಲ್ಟಿಗೂ ಥ್ರೆಡ್, ಅಂದರೆ ತಿರುಪಿನ ಗೆರೆ, ಹಾಕಲಾಗದು. ಒಬ್ಬರಿಗೊಬ್ಬರು ಬೇಕಾದರೆ ಹೋಗಿ ಬಂದು ಮಾಡುತ್ತಾರೆ, ಸಂಬಂಧ ಉಳಿಯುತ್ತದೆ ಎಂದು ಅವರ ಲೆಕ್ಕ. ಆ ಹಿರಿಯರ ಬುದ್ಧಿಗೆ ಬೆಂಕಿ ಬೀಳಲಿ. ಅಣ್ಣತಮ್ಮಂದಿರು ಮಾತು ಬಿಟ್ಟರು, ತಮ್ಮ ತನ್ನ ಪಾಲು ಹೊತ್ತು ಕಲಾದಗಿಗೆ ಹೋದ, ಲೇಥು ತಾಡಪತ್ರಿ ಹೊದ್ದು ಕೂತಿತು.

"ಚಕ್ಕು, ಗಾಲಿ ತಮ್ಮನ ಕಡೆ ಅದಾವ. ಹೋಗಿ ಕೇಳ್ರಿ, ಕೊಡ್ತಾನ. ಲೇಥಿಲ್ಲದ ಅವು ಅವಗ ಯಾಕ ಬೇಕು?" ಎಂದು ಕಾಶಪ್ಪ ಮಾರುವಾಗ ಹೇಳಿದ್ದ. ನಮ್ಮವರಿಗೂ ಖರೆ ಅನ್ನಿಸಿತ್ತು.

ಕಲಾದಗಿಗೆ ಹೋದ ನಮ್ಮವರಿಗೆ ಹುಲ್ಲಪ್ಪ ಚಹಾ ಕೊಟ್ಟ, ಊಟಕ್ಕೂ ಏಳಿಸಿದ. ಗೋಣಿಚೀಲ ಬಿಚ್ಚಿ ಎಲ್ಲ ತೋರಿಸಿದ. ಒಂದು ಹಲ್ಲಿಗೂ ತುಕ್ಕು ಹತ್ತದಂತೆ ಎಣ್ಣೆ ಹಚ್ಚಿ ಇಟ್ಟಿದ್ದನಂತೆ. ಬೆಲೆ ಕೇಳಿದರೆ ತಲೆಯಾಡಿಸಿದ.

"ನನಗ ರೊಕ್ಕ ಬ್ಯಾಡ್ರಿ. ನಮ್ಮಣ್ಣ ಈ ಹೊಸ್ತಿಲಾ ದಾಟಿ ಬಂದು 'ತಮ್ಮಾ, ಕೊಡು' ಅನ್ಲಿ. ಪುಕ್ಕಟ ಹೊರಸಿ ಕಳಸ್ತೇನಿ."

ಬಾಗಲಕೋಟೆಗೆ ಬಂದು ಹೇಳಿದರೆ ಕಾಶಪ್ಪ ಸಿಡಿದ. "ನಾ ಹಿರೇಮಗ. ಬೇಕಂದ್ರ ಅವನ ಬರ್ಲಿ."

ಹಾಗೆ ಶುರುವಾಯಿತು ನಮ್ಮವರ ಓಡಾಟ. ಇಬ್ಬರೂ ಅವರ ಮುಂದೆ ಕಣ್ಣೀರು ಹಾಕುತ್ತಿದ್ದರು, ಇಬ್ಬರೂ ಇನ್ನೊಬ್ಬನ ತಬ್ಬೇತು, ಆರೋಗ್ಯ ವಿಚಾರಿಸುತ್ತಿದ್ದರು, ಆದರೆ ಕೂತಲ್ಲಿಂದ ಒಬ್ಬನೂ ಅಲುಗಲಿಲ್ಲ. ನಮ್ಮವರು ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನೂ ಜಾಲಾಡಿ ಬಂದರು. ಬ್ರಿಟಿಷರ ಕಾಲದ ಮಷಿನ್ನು. ಅದಕ್ಕೆ ಬೇರೆ ಯಾವ ಚಕ್ಕೂ ಕೂಡಲಿಲ್ಲ, ಯಾವ ಗೇರಿನ ಹಲ್ಲೂ ಹೊಂದಲಿಲ್ಲ. ಎರಡೂ ತುದಿಗೆ ಮೊನೆ ಊರಿ ಉದ್ದನೆಯ ಶಾಫ್ಟು ಕಡೆಯಬಹುದಿತ್ತು, ಅಷ್ಟೇ. ಥ್ರೆಡ್ ಹಾಕಿಸಲು ಅದನ್ನು ಹೆಗಲಿಗೇರಿಸಿ ಮತ್ತೆ ಹೊಳಬಸಪ್ಪನ ಬಾಗಿಲಿಗೇ ಹೋಗಬೇಕು. "ಏನ್ ಸಾವ್ಕಾರ್ರ, ನಿಮ್ಮ ಮಷಿನ್ನಿಗೆ ಇನ್ನೂ ಹಲ್ಲು ಬಂದಿಲ್ಲೇನ್ರಿ?" ಎಂದು ಅವನು ಆಳುಗಳ ಮುಂದೆ ನಗುತ್ತಿದ್ದ. ಪವರ್‌ಲೂಮಿನವರಾದರೂ ಎಷ್ಟು ಕಾಯುತ್ತಾರೆ? ನೇರ ಹುನಗುಂದಕ್ಕೇ ಹೋಗತೊಡಗಿದರು. ನಾನು ಪಕ್ಕದ ಮನೆಯ ಮುತ್ತವ್ವನ ಮಗ್ಗದಲ್ಲಿ ಕೂಲಿಗೆ ಕೂತೆ. ನನ್ನ ಮಗ್ಗಕ್ಕೆ ಅಟ್ಟದ ಮೇಲೆ ಗೆದ್ದಲು ಹತ್ತಿತು.

"ಆ ಸಿಮೆಂಟು ಒಡೀರಿ, ನನ್ನ ಮಗ್ಗ ಇಳಸ್ರಿ" ಎಂದು ಒಂದು ದಿನ ಜಗಳ ತೆಗೆದೆ. "ಇನ್ನೊಮ್ಮಿ ಕೇಳಿ ನೋಡ್ತೇನಿ" ಎಂದರು. ಅದೇ ವಾರ ಕಾಶಪ್ಪ ತೀರಿಕೊಂಡ ಸುದ್ದಿ ಬಂತು.

ಇಬ್ಬರೂ ಬಾಗಲಕೋಟೆಗೆ ಹೋದೆವು. ಹೆಣಕ್ಕೆ ವಿಭೂತಿ ಹಚ್ಚಿ, ಗೋಡೆಗಾನಿಸಿ ಕೂಡ್ರಿಸಿದ್ದರು. ಹುಲ್ಲಪ್ಪ ಹೆಗಲ ಮೇಲೆ ಗೋಣಿಚೀಲ ಹೊತ್ತು ಬಂದು, ಕೊನೆಗೂ ಅಣ್ಣನ ಹೊಸ್ತಿಲು ದಾಟಿದ. ಚೀಲ ಇಳಿಸಿದಾಗ ಒಳಗೆ ಖಣ್ ಎಂದಿತು. ಅದೇನೆಂದು ನನಗೆ ತಕ್ಷಣ ಗೊತ್ತಾಯಿತು. ಸತ್ತ ಮನೆಯಲ್ಲಿ ಕೂತು ನನ್ನ ಎದೆ ಹಿಗ್ಗಿತು, ಸುಳ್ಳೇಕೆ ಹೇಳಲಿ. ಗಂಡಸರ ನಡುವಿನಿಂದ ನಮ್ಮವರು ನನ್ನತ್ತ ನೋಡಿದರು. ಅವರ ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟು ದಿನವಾಗಿತ್ತೋ. ಹೆಣ ಎತ್ತಿದಾಗ ಹುಲ್ಲಪ್ಪ ಚೀಲವನ್ನೂ ಎತ್ತಿಕೊಂಡ. ಮಣ್ಣು ಮಾಡಿ ಮುಗಿದ ಮೇಲೆ ಅಲ್ಲೇ ಕೊಡುತ್ತಾನೆಂದುಕೊಂಡೆ. ಹೆಂಗಸರೊಂದಿಗೆ ಕೂತು, ಬಸ್ಸಿನಲ್ಲಿ ಅದನ್ನು ಎಲ್ಲಿಡುವುದೆಂದು ಯೋಚಿಸುತ್ತಿದ್ದೆ.

ಗಂಡಸರು ತಿರುಗಿ ಬಂದರು. ನಮ್ಮವರ ಕೈ ಖಾಲಿ.

"ಚೀಲ ಎಲ್ಲಿ?"

"ಹೆಣ ಕುಣಿಗಿ ಇಳಿಸಿದ ಮ್ಯಾಲೆ ಅವನೂ ಇಳದ. ಚಕ್ಕು, ಗಾಲಿ ಎಲ್ಲಾ ಒಂದೊಂದಾಗಿ ಅಣ್ಣನ ತೊಡಿ ಮ್ಯಾಲೆ ಇಟ್ಟ. 'ನೀ ಕೇಳ್ಲಿಲ್ಲ ಅಣ್ಣಾ, ನಾನ ತಂದೇನಿ' ಅಂದ. ಅಯ್ಯನವರು ಬ್ಯಾಡಂದ್ರು. ಹಿರಿಯಾರು 'ಇರ್ಲಿ ಬಿಡ್ರಿ, ಇವತ್ತಿಗೆ ಪಾಲು ಕೂಡಿತು' ಅಂದ್ರು. ಎಲ್ಲಾರೂ ಅತ್ರು."

ಹಿಂದೆ ಪಾಲು ಹಂಚಿದ ಅದೇ ಹಿರಿಯರು.

"ನಿಮಗ ಬಾಯಿ ಇದ್ದಿಲ್ಲೇನು? ನೀವೇನ್ ಮಾಡಿದ್ರಿ?"

"ಅಲ್ಲಿ ಏನಂತ ಕೇಳ್ಲಿ? ನಾನೂ ಒಂದು ಹಿಡಿ ಮಣ್ಣು ಹಾಕಿದೆ."

ಬಸ್ಸಿನಲ್ಲಿ ನಾನು ಬಿಕ್ಕಿಬಿಕ್ಕಿ ಅತ್ತೆ. ಕಾಶಪ್ಪನಿಗಾಗಿ ಅಲ್ಲ. ಹುನಗುಂದದಲ್ಲಿ ಬಸ್ಸು ನಿಂತಾಗ ನಮ್ಮವರು ಎದ್ದು ಟವೆಲ್ಲು ಝಾಡಿಸಿದರು. "ನೀ ಮನಿಗಿ ನಡಿ" ಎಂದರು. ಹೊಳಬಸಪ್ಪನ ವರ್ಕ್‌ಶಾಪಿನ ಬಾಗಿಲು ಇನ್ನೂ ತೆರೆದಿತ್ತು.