ಮುಂದಿನ ಸೀಟಿನ ಭಾರ

ಅಮ್ಮ ಡಯಾಲಿಸಿಸ್‌ಗೆ ಬರುವುದಿಲ್ಲ ಎಂದು ಹಟ ಹಿಡಿದದ್ದು ಕಾರಿನ ದೆಸೆಯಿಂದ. ಹಾಗಂತ ಅವಳೇ ಹೇಳಿದಳು, ನಾನು ನಂಬಿದೆ.

"ಆ ಗಾಡಿಲಿ ಇನ್ನು ಕೂರಲ್ಲ ಕಣೆ. ಒಂದೊಂದು ಗುಂಡಿಗೂ ಮೂಳೆ ಮೂಳೆ ಬೇರೆ ಆಗುತ್ತೆ. ಹೋಗುವಾಗ ಹೇಗೋ ತಡ್ಕೋತೀನಿ, ಬರುವಾಗ ಆಗಲ್ಲ."

ಅದೇನು ಸುಳ್ಳಲ್ಲ. ನಮ್ಮ ಕಾರಿನ ಮುಂಭಾಗದಿಂದ ಲೊಟಲೊಟ ಸದ್ದು ಬರಲು ಶುರುವಾಗಿ ಬಹಳ ಕಾಲವಾಗಿತ್ತು. ನಾವಿನ್ನೂ ತಿರುವಿನಲ್ಲಿರುವಾಗಲೇ ಬೀದಿನಾಯಿ ಎದ್ದು ಮೈ ಕೊಡವಿ ದಾರಿ ಬಿಡುತ್ತಿತ್ತು. ಹಾರ್ನ್ ಒತ್ತುವ ಅಗತ್ಯವೇ ಇರಲಿಲ್ಲ.

ಎರಡು ಸರದಿ ತಪ್ಪಿಸಿದ್ದಳು. ಪಾದಗಳು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಹೀಗೇ ಬಿಟ್ಟರೆ ತಿಂಗಳುಗಳ ಮಾತಲ್ಲ, ಇನ್ನೇನು ಕೆಲವು ದಿನಗಳ ಮಾತು ಎಂದಿದ್ದರು. "ಗಾಡಿ ಸರಿ ಮಾಡಿಸ್ತೀನಿ ಸರ್" ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

ಆವತ್ತಿನಿಂದ ನನಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖವೂ ಇಲ್ಲ, ಸಿಟ್ಟೂ ಇಲ್ಲ. ಊಟಕ್ಕೆ ಉಪ್ಪು ಹಾಕಿದ್ದೇನೆಯೋ ಇಲ್ಲವೋ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುವವಳು ನಾನು. ಅಂಗಡಿಗೆ ಹೋಗಿ ಯಾರದೋ ಯಂತ್ರ ಬಿಚ್ಚಿ ಜೋಡಿಸಿ ಬರುತ್ತಿದ್ದೆ, ಯಾರದೆಂದು ಕೇಳಿದರೆ ನೆನಪಾಗುತ್ತಿರಲಿಲ್ಲ. ಗಾಡಿ ಸರಿಯಾದರೆ ಅಮ್ಮ ಬರುತ್ತಾಳೆ, ಅಮ್ಮ ಬಂದರೆ ಉಳಿಯುತ್ತಾಳೆ. ತಲೆಯಲ್ಲಿ ಅಷ್ಟೇ ಇದ್ದದ್ದು.

ವರ್ಕ್‌ಶಾಪಿನವನು ಮುಂದಿನ ವಾರ ಬನ್ನಿ ಎಂದ. ಮುಂದಿನ ವಾರ ನಮ್ಮ ಹತ್ತಿರ ಇರಲಿಲ್ಲ. ನಾಡಿದ್ದೇ ಅಮ್ಮನ ಸರದಿ. ಹಾಗಾಗಿ ಸವೆದಿವೆಯೆಂದು ಅವನು ಹೇಳಿದ ಬುಷ್, ಲಿಂಕ್ ಎಂಬ ಬಿಡಿಭಾಗಗಳನ್ನೆಲ್ಲ ನಾನೇ ತಂದು, ಲಾರಿಮಾಮನಿಗೆ ಫೋನ್ ಮಾಡಿದೆ.

ಲಾರಿಮಾಮ ಅಮ್ಮನ ತಮ್ಮ. ಜೀವಮಾನವೆಲ್ಲ ಲಾರಿ ಓಡಿಸಿ, ಈಗ ಕುರ್ಚಿಯ ಮೇಲೆ ಕೂತು ಊರಿಗೆಲ್ಲ ಬುದ್ಧಿ ಹೇಳುವವನು. ಮರುದಿನ ಬೆಳಿಗ್ಗೆಯೇ ಬಂದ. ಅಕ್ಕನ ಕಾಲು ನೋಡಿದ, ನೋಡಿ ತಕ್ಷಣ ಕಾರಿನ ಕಡೆ ತಿರುಗಿದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಗೊಣಗಿದ.

"ನೆಲ ಡೊಂಕಾಗೇ ಇದೆ ಮಾಮ" ಎಂದೆ. "ನೀನೇ ಅಲ್ಲಾಡಿಸಿ ನೋಡು."

ಅವನು ಚಕ್ರ ಹಿಡಿದು ಅಲ್ಲಾಡಿಸಿದ. ಲೊಟಲೊಟ ಎಂದಿತು. ಅಂಗಿಯ ತೋಳು ಮಡಚಿದ.

ಮನೆ ಮುಂದಿನ ಸಿಮೆಂಟ್ ನೆಲದಲ್ಲಿ ಕಾರಿನ ಮುಂಭಾಗ ಎತ್ತಿ, ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿದೆವು. ಲಿಂಕಿನ ನಟ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು ಕಾದೆವು, ಬಡಿದೆವು, ಮತ್ತೆ ಕಾದೆವು. ಚಕ್ರವನ್ನು ಹಿಡಿದಿಡುವ ಕೆಳಗಿನ ಆರ್ಮ್ ಕಳಚಿಕೊಂಡು ಬಂದಾಗ ಅದರ ಬುಷ್ ನೋಡಿದೆ. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಕೂತು ಏಟು ತಿನ್ನಬೇಕಾದ ರಬ್ಬರು ಒಡೆದ ಹಿಮ್ಮಡಿಯ ಹಾಗೆ ಬಿರುಕು ಬಿಟ್ಟಿತ್ತು. ನನಗೆ ಸಮಾಧಾನವಾಯಿತು. ಅಮ್ಮ ಹೇಳಿದ್ದು ನಿಜ, ಸಾಕ್ಷಿ ಕೈಯಲ್ಲೇ ಇದೆ ಎನ್ನಿಸಿತು.

ಆರ್ಮ್ ಸಮೇತ ಅದನ್ನು ತೋರಿಸಲು ಒಳಗೆ ಓಡಿದೆ. ಅಮ್ಮ ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ನೋಡಮ್ಮ, ಇದೇ ನಿನ್ನ ಮೂಳೆ ಮುರೀತಿದ್ದದ್ದು."

ಅವಳು ಅದನ್ನು ತಿರುಗಿಸಿ ನೋಡಿ, "ಪಾಪ, ಎಷ್ಟು ಸವೆದಿದೆ" ಎಂದಳು. ಕೈಗೆ ಮಸಿ ಹತ್ತಿತೆಂದು ನನ್ನ ಅಂಗಿಗೇ ಒರೆಸಿದಳು.

ಹಳೆಯ ಬುಷ್ಷುಗಳನ್ನು ನನ್ನ ಅಂಗಡಿಯಿಂದ ತಂದಿದ್ದ ವೈಸ್ ಎಂಬ ಬಿಗಿ ಇಕ್ಕಳದಲ್ಲಿ ಪೈಪಿನ ತುಂಡಿಟ್ಟು ಒತ್ತಿ ತೆಗೆದೆ. ಹೊಸದಕ್ಕೆ ಸೋಪಿನ ನೀರು ಸವರಿ ಕೂರಿಸಿದೆ. ದಪ್ಪ ಹಲಗೆಗಳು ಬೇಕು, ತರ್ತೀನಿ ಎಂದು ಮಾಮ ಎದ್ದು ಹೋದ. ಅವನು ಬರುವಷ್ಟರಲ್ಲಿ ಆರ್ಮ್‌ಗಳನ್ನೂ ಲಿಂಕ್‌ಗಳನ್ನೂ ಜೋಡಿಸಿ ಎಲ್ಲ ಬೋಲ್ಟುಗಳನ್ನೂ ಗಟ್ಟಿಯಾಗಿ ಬಿಗಿದುಬಿಟ್ಟಿದ್ದೆ. ಹೊಲಿಗೆ ಯಂತ್ರದಲ್ಲಿ ಹಾಗೆಯೇ. ಕೂರಿಸಿದ ಸ್ಕ್ರೂವನ್ನು ಆಗಲೇ ಬಿಗಿಯದಿದ್ದರೆ ಓಡುವಾಗ ಅದರುತ್ತಾ ಸಡಿಲಾಗುತ್ತದೆ. ಕೈಗೆ ಅದೇ ಅಭ್ಯಾಸ.

ಮಾಮ ಹಲಗೆ ಇಳಿಸಿ, ಬಗ್ಗಿ ನೋಡಿ, ಹಣೆ ಚಚ್ಚಿಕೊಂಡ.

"ಯಾರು ಬಿಗಿ ಅಂದ್ರು ನಿನಗೆ? ಚಕ್ರ ಗಾಳೀಲಿ ನೇತಾಡ್ತಿದೆ! ಹೀಗೆ ಬಿಗಿದ್ರೆ ಕೆಳಗಿಳಿಸಿದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತೆ. ನಾಲ್ಕು ದಿನಕ್ಕೆ ಕಿತ್ಕೊಂಡು ಬರುತ್ತೆ, ಮತ್ತೆ ಅದೇ ರಾಗ ಅದೇ ತಾಳ. ಎಲ್ಲ ಸಡಿಲ ಮಾಡು. ಚಕ್ರ ಹಾಕಿ ಹಲಗೆ ಮೇಲೆ ಇಳಿಸ್ಬೇಕು, ಒಳಗೆ ಯಾರಾದ್ರೂ ಕೂರ್ಬೇಕು. ಭಾರ ಬಿದ್ದು ಅದು ತನ್ನ ಜಾಗದಲ್ಲಿ ನಿಂತ ಮೇಲೆ ಬಿಗಿ."

ಎಲ್ಲವನ್ನೂ ಸಡಿಲ ಮಾಡಿದೆ. ಚಕ್ರ ಹಾಕಿ, ಹಲಗೆಗಳ ಮೇಲೆ ಇಳಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆವು. ಮಾಮ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಿದ್ದಳು.

"ನಾನು ಕೂರ್ತೀನಿ ತಮ್ಮಾ."

"ನೀನು ಮಲಕ್ಕೋ ಅಕ್ಕ."

"ಭಾರ ತಾನೇ ಬೇಕಿರೋದು? ಮೈತುಂಬ ನೀರು ತುಂಬ್ಕೊಂಡು ಕೊಡದ ಹಾಗಿದ್ದೀನಿ. ನಿನಗಿಂತ ವಾಸಿ."

ಮಾಮ ನಗಲಿಲ್ಲ. ಅವಳ ತೋಳು ಹಿಡಿದು ಮುಂದಿನ ಸೀಟಿನಲ್ಲಿ, ಆಸ್ಪತ್ರೆಗೆ ಹೋಗುವಾಗ ಕೂರುವ ಜಾಗದಲ್ಲೇ ಕೂರಿಸಿದ. ತಾನು ಪಕ್ಕದಲ್ಲಿ ಕೂತ. ಕಾರು ಸ್ವಲ್ಪ ಕುಸಿಯಿತು. ನಾನು ರಟ್ಟು ಹಾಸಿ ಕಾರಿನ ಕೆಳಗೆ ಜಾರಿದೆ.

ಮೊದಲ ಬೋಲ್ಟು ಬಿಗಿಯುವಾಗ ಮೇಲಿಂದ ಅಮ್ಮನ ದನಿ ಬಂತು. ನಡುವೆ ತಗಡು ಇದ್ದದ್ದರಿಂದ ದೂರದಿಂದ ಕೇಳಿದಂತಿತ್ತು.

"ಮಗಳೇ, ಕೇಳ್ತಿದ್ಯಾ?"

"ಹ್ಞೂಂ."

"ನಾಳೆ ನಾನು ಬರಲ್ಲ."

"ಗಾಡಿ ಸರಿ ಆಗುತ್ತಮ್ಮ. ಇವತ್ತೇ ಆಗುತ್ತೆ."

"ಗಾಡಿ ಬೆಣ್ಣೆ ಹಾಗೆ ಹೋದ್ರೂ ಬರಲ್ಲ. ಗಾಡೀದು ಏನೂ ತಪ್ಪಿಲ್ಲ ಕಣೆ. ನನಗೆ ಸಾಕಾಗಿದೆ. ಅಲ್ಲಿಂದ ಬಂದ್ರೆ ಮಾರನೇ ದಿನ ಏಳೋಕಾಗಲ್ಲ. ಎದ್ದೆ ಅನ್ನೋಷ್ಟರಲ್ಲಿ ಮತ್ತೆ ಹೊರಡು ಅಂತೀಯ. ಇದರ ಮಧ್ಯೆ ಬದುಕಿದ್ದು ಯಾವಾಗ ಹೇಳು?"

ನನ್ನ ಕೈ ಸ್ಪ್ಯಾನರ್ ಎಳೆಯುತ್ತಲೇ ಇತ್ತು.

"ನಿನ್ನ ಮುಖ ನೋಡ್ಕೊಂಡು ಹೇಳೋಕೆ ಆಗ್ಲಿಲ್ಲ. ಅದಕ್ಕೇ ಕಾರಿನ ಮೇಲೆ ಹಾಕಿದೆ. ನೀನು ಇಷ್ಟೆಲ್ಲ ಬಿಚ್ಚಿ ಹರಡ್ತೀಯ ಅಂತ ಗೊತ್ತಿರಲಿಲ್ಲ."

ನನ್ನ ಮುಖ ಅವಳಿಗೆ ಈಗಲೂ ಕಾಣುತ್ತಿರಲಿಲ್ಲ. ಅಳು ಬರಬೇಕಿತ್ತು, ಬರಲಿಲ್ಲ. ತುಕ್ಕಿನ ಪುಡಿ ಕಣ್ಣಿಗೆ ಬಿತ್ತು, ಆಗಲೂ ನೀರು ಬರಲಿಲ್ಲ. ಎರಡನೆಯ ಬೋಲ್ಟು ಬಿಗಿದೆ. ಸರಿಯಮ್ಮ ಎನ್ನಬೇಕೋ, ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ. ಅವಳು ಕೇಳಿದ್ದು ನ್ಯಾಯ ಎಂಬುದು ಮಾತ್ರ ತಿಳಿದಿತ್ತು. ಅದೇ ನನಗೆ ಬೇಡವಾಗಿತ್ತು.

"ಡಾಕ್ಟರಿಗೆ ಹೇಳಿದ್ಯಾ?" ಎಂದು ಕೇಳಿದೆ.

"ಹೋದ ಸಲವೇ ಹೇಳಿದೆ. ಮಗಳಿಗೆ ನೀವೇ ಹೇಳಿ ಅಂದ್ರು."

ಮಾಮ ಕೆಮ್ಮಿದ. ಅವನಿಗೆ ಮೊದಲೇ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ. ಇನ್ನೊಂದು ಕಡೆಗೆ ಜರುಗಿ ಅಲ್ಲಿಯ ಎರಡು ಬೋಲ್ಟುಗಳನ್ನೂ, ಲಿಂಕಿನ ನಟ್ಟುಗಳನ್ನೂ ಬಿಗಿದೆ. ಒಂದೊಂದನ್ನೂ ಮತ್ತೊಮ್ಮೆ ಮುಟ್ಟಿ ನೋಡಿದೆ. ಯಾವುದೂ ಅಲುಗಲಿಲ್ಲ. ಮಾಮ ಇಳಿದು ಬಂದು, ಬಗ್ಗಿ, ಟಾರ್ಚ್ ಬಿಟ್ಟು ಎಲ್ಲವನ್ನೂ ಪರೀಕ್ಷಿಸಿ, ಎಲ್ಲ ಆಯಿತೆಂದು ತಲೆಯಾಡಿಸಿದ.

"ಆಯ್ತೇನೇ?" ಎಂದಳು ಅಮ್ಮ. "ಇಳೀಲಾ?"

"ಇಲ್ಲ" ಎಂದೆ. "ಇನ್ನೂ ಒಂದು ಬೋಲ್ಟ್ ಇದೆ. ಇಳೀಬೇಡಮ್ಮ, ಕೂತಿರು."

ಮಾಮ ಟಾರ್ಚ್ ಆರಿಸಿ ನನ್ನನ್ನು ನೋಡಿದ. ಆಮೇಲೆ ಅಮ್ಮನಿಗೆ ಕೇಳುವಷ್ಟು ಜೋರಾಗಿ, ಯಾವ ಸ್ಪ್ಯಾನರ್ ಕೊಡಲಿ ಎಂದು ನನ್ನನ್ನು ಕೇಳಿದ.